ಚೆಸ್ ನಡೆ ಬರೆಯೋದು ಹೇಗೆ? ಟೂರ್ನಿಗೆ ಹೋಗುವ ಮಕ್ಕಳು, ಪೋಷಕರಿಗೆ ಪೂರ್ಣ ಮಾಹಿತಿ

ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಯದ ಬಾಕಿಯನ್ನು ಆರು ತಿಂಗಳು ಬಿಟ್ಟು ಕೇಳಿದರೆ ಯಾರೂ ಒಪ್ಪಲ್ಲ. ಚೆಸ್ ಟೂರ್ನಿಯಲ್ಲೂ ಅದೇ ಲೆಕ್ಕ. ‘ಇದೇ ಸ್ಥಿತಿ ಮೂರು ಸಲ ಬಂದಿದೆ, ಡ್ರಾ ಕೊಡಿ’ ಎಂದು ಹುಡುಗನೋ ಹುಡುಗಿಯೋ ಕೈ ಎತ್ತಿದರೆ, ಆರ್ಬಿಟರ್ ಮೊದಲು ನೋಡೋದು ಸ್ಕೋರ್‌ಶೀಟ್. ಅದು ಅರ್ಧಂಬರ್ಧ ಇದ್ದರೆ ಕೈಗೆ ಬಂದ ಅರ್ಧ ಪಾಯಿಂಟ್ ಹೋದಂತೆಯೇ. ಮನೆಯಲ್ಲಿ, ಅಂಗಡಿ ಕಟ್ಟೆಯಲ್ಲಿ ಚೆನ್ನಾಗಿ ಆಡುವ ಎಷ್ಟೋ ಮಕ್ಕಳು ಮೊದಲ ದೊಡ್ಡ ಟೂರ್ನಿಯಲ್ಲಿ ತಡವರಿಸೋದು ಇಲ್ಲೇ. ಹಾಗಂತ ಇದು ಕಷ್ಟದ ವಿದ್ಯೆಯಲ್ಲ. ಒಂದು ಸಂಜೆ ಕೂತರೆ ಕಲಿಯಬಹುದು.

ಮೊದಲು ಬೋರ್ಡ್ ಸರಿಯಾಗಿ ಇಡಿ

ಇಬ್ಬರು ಆಟಗಾರರಿಗೂ ಬಲಗೈ ಪಕ್ಕದ ಮೂಲೆಯ ಮನೆ ಬಿಳಿ ಇರಬೇಕು. ಬೋರ್ಡ್ ಅಡ್ಡ ತಿರುಗಿದ್ದರೆ ಬರೆಯೋದೆಲ್ಲ ತಪ್ಪಾಗುತ್ತೆ.

ಬಿಳಿ ಕಾಯಿ ಆಡುವವರ ಎಡಗಡೆಯಿಂದ ಬಲಕ್ಕೆ ಎಂಟು ಕಂಬಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಬಿಳಿಯವರ ಹತ್ತಿರದ ಅಡ್ಡಸಾಲು 1, ಕಪ್ಪಿನವರ ಹತ್ತಿರದ್ದು 8. ಅಕ್ಷರ ಮೊದಲು, ಅಂಕಿ ಆಮೇಲೆ. ಹೀಗೆ 64 ಮನೆಗಳಿಗೂ ಒಂದೊಂದು ವಿಳಾಸ ಸಿಗುತ್ತೆ. ಆಟದ ಶುರುವಿನಲ್ಲಿ ಬಿಳಿ ರಾಜ ಇರೋದು ಇ1ರಲ್ಲಿ, ಕಪ್ಪು ರಾಜ ಇ8ರಲ್ಲಿ.

ಕಪ್ಪು ಕಾಯಿ ಸಿಕ್ಕ ಮಕ್ಕಳು ತಮ್ಮ ಕಡೆಯಿಂದ 1, 2 ಎಂದು ಎಣಿಸಿಬಿಡುತ್ತಾರೆ. ಇದು ಸಾಮಾನ್ಯ ತಪ್ಪು. ಯಾರು ಎಲ್ಲಿ ಕೂತರೂ ಮನೆಯ ವಿಳಾಸ ಬದಲಾಗಲ್ಲ.

ಕಾಯಿಗಳಿಗೆ ಅಕ್ಷರ

- ರಾಜ: ಕೆ
- ಮಂತ್ರಿ: ಕ್ಯೂ
- ಆನೆ: ಆರ್
- ಒಂಟೆ: ಬಿ
- ಕುದುರೆ: ಎನ್ (ಕೆ ಅಕ್ಷರ ರಾಜನಿಗೆ ಹೋಗಿರೋದರಿಂದ)
- ಕಾಲಾಳು: ಅಕ್ಷರ ಇಲ್ಲ, ಮನೆಯ ಹೆಸರು ಮಾತ್ರ

ಹಾಳೆಯಲ್ಲಿ ಕಾಯಿಯ ಅಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಮನೆಯ ಅಕ್ಷರವನ್ನು ಚಿಕ್ಕಕ್ಷರದಲ್ಲಿ ಬರೀಬೇಕು. ಇಲ್ಲದಿದ್ದರೆ ಒಂಟೆಯ ‘ಬಿ’ಗೂ ಬಿ ಸಾಲಿನ ‘ಬಿ’ಗೂ ಗೊಂದಲ ಆಗುತ್ತೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಕಾಯಿಗೆ ತಮ್ಮ ದೇಶದಲ್ಲಿ ಬಳಕೆಯಲ್ಲಿರುವ ಹೆಸರಿನ ಅಕ್ಷರವನ್ನೂ ಬಳಸಲು ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ ಅವಕಾಶ ಕೊಡುತ್ತೆ. ಆದರೆ ಎದುರಾಳಿಗೂ ಆರ್ಬಿಟರ್‌ಗೂ ಸುಲಭವಾಗಲಿ ಎಂದು ಇಂಗ್ಲಿಷ್ ಅಕ್ಷರ ರೂಢಿ ಮಾಡಿಕೊಳ್ಳೋದೇ ಒಳ್ಳೆಯದು.

ನಡೆ ಬರೆಯುವ ಕ್ರಮ

ಕಾಯಿಯ ಅಕ್ಷರ, ಆಮೇಲೆ ಅದು ಹೋಗಿ ಕೂತ ಮನೆ. ಅಷ್ಟೇ. ಕುದುರೆ ಎಫ್3ಕ್ಕೆ ಬಂದರೆ ‘ಎನ್‌ಎಫ್3’. ಕಾಲಾಳು ಇ4ಕ್ಕೆ ಹೋದರೆ ಬರೀ ‘ಇ4’.

- ಹೊಡೆದರೆ: ಮಧ್ಯೆ × ಗುರುತು. ಒಂಟೆ ಸಿ6ರಲ್ಲಿ ಹೊಡೆದರೆ ‘ಬಿ×ಸಿ6’. ಕಾಲಾಳು ಹೊಡೆದರೆ ಅದು ಹೊರಟ ಸಾಲಿನ ಅಕ್ಷರ ಮೊದಲು: ‘ಇ×ಡಿ5’.
- ಶಹ ಕೊಟ್ಟರೆ: ಕೊನೆಯಲ್ಲಿ +. ಚೆಕ್‌ಮೇಟ್ ಆದರೆ #.
- ಕ್ಯಾಸ್ಲಿಂಗ್: ರಾಜನ ಕಡೆಗೆ 0-0, ಮಂತ್ರಿಯ ಕಡೆಗೆ 0-0-0.
- ಕಾಲಾಳು ಕೊನೆ ಮನೆ ಮುಟ್ಟಿ ಮಂತ್ರಿ ಆದರೆ: ‘ಇ8ಕ್ಯೂ’.
- ಎರಡು ಕುದುರೆಗೂ ಒಂದೇ ಮನೆಗೆ ದಾರಿ ಇದ್ದರೆ: ಯಾವುದು ಹೋಯಿತೆಂದು ತೋರಿಸಬೇಕು. ಬಿ1 ಮತ್ತು ಎಫ್3ರ ಕುದುರೆಗಳಲ್ಲಿ ಬಿ1ರದ್ದು ಡಿ2ಕ್ಕೆ ಹೋದರೆ ‘ಎನ್‌ಬಿಡಿ2’. ಎರಡೂ ಒಂದೇ ಕಂಬಸಾಲಿನಲ್ಲಿದ್ದರೆ ಅಕ್ಷರದ ಬದಲು ಅಂಕಿ.

ಹೊಡೆತ, ಶಹ, ಮೇಟ್ ಗುರುತು ಮರೆತರೂ ನಿಯಮದ ಪ್ರಕಾರ ತಪ್ಪಲ್ಲ. ಮನೆ ತಪ್ಪಾದರೆ ಮಾತ್ರ ಮುಂದಿನ ಲೆಕ್ಕವೆಲ್ಲ ಕೆಡುತ್ತೆ.

ನಾಲ್ಕೇ ನಡೆಯ ಒಂದು ಆಟ

ಹೊಸಬರು ಪದೇ ಪದೇ ಸಿಕ್ಕಿಬೀಳುವ ಬಲೆ ಇದು. ಎಡಕ್ಕೆ ಬಿಳಿ, ಬಲಕ್ಕೆ ಕಪ್ಪು. ಬೋರ್ಡ್ ಮುಂದಿಟ್ಟುಕೊಂಡು ಆಡಿ ನೋಡಿ.

1. ಇ4 – ಇ5
2. ಬಿಸಿ4 – ಎನ್‌ಸಿ6
3. ಕ್ಯೂಎಚ್5 – ಎನ್‌ಎಫ್6
4. ಕ್ಯೂ×ಎಫ್7#

ಮಂತ್ರಿಯನ್ನು ರಾಜ ಹೊಡೆಯೋ ಹಾಗಿಲ್ಲ, ಸಿ4ರ ಒಂಟೆಯ ಕಾವಲಿದೆ. ಸೋತ ಮಗು ‘ಹೇಗೆ ಸೋತೆನೋ ಗೊತ್ತಿಲ್ಲ’ ಅನ್ನುತ್ತೆ. ಹಾಳೆ ಇದ್ದರೆ ಉತ್ತರ ಕಣ್ಣ ಮುಂದೆ ಇರುತ್ತೆ: ತಪ್ಪಿದ್ದು ಮೂರನೇ ನಡೆ. ಅಲ್ಲಿ ‘ಜಿ6’ ಅಥವಾ ‘ಕ್ಯೂಇ7’ ಆಡಿದ್ದರೆ ಆಟ ಉಳಿಯುತ್ತಿತ್ತು. ಬರೆದಿಡೋದರ ನಿಜವಾದ ಲಾಭ ಇದೇ. ಅದೇ ತಪ್ಪು ಮುಂದಿನ ವಾರ ಆಗಲ್ಲ.

ಟೂರ್ನಿಯಲ್ಲಿ ನೆನಪಿಡಬೇಕಾದ್ದು

- ದೀರ್ಘಾವಧಿಯ ಕ್ಲಾಸಿಕಲ್ ಆಟದಲ್ಲಿ ತಮ್ಮ ನಡೆ, ಎದುರಾಳಿಯ ನಡೆ ಎರಡನ್ನೂ ಬರೆಯೋದು ಕಡ್ಡಾಯ. ಒಬ್ಬರಿಗೆ 60 ನಿಮಿಷಕ್ಕಿಂತ ಕಡಿಮೆ ಇರುವ ರ್‍ಯಾಪಿಡ್, 10 ನಿಮಿಷ ಅಥವಾ ಅದಕ್ಕಿಂತ ಕಡಿಮೆಯ ಬ್ಲಿಟ್ಜ್‌ನಲ್ಲಿ ಕಡ್ಡಾಯವಿಲ್ಲ. ಒಂದೇ ದಿನದಲ್ಲಿ ಮುಗಿಯುವ ಟೂರ್ನಿಗಳನ್ನಷ್ಟೇ ಆಡಿದ ಮಕ್ಕಳಿಗೆ ಇದರ ಅಭ್ಯಾಸ ತಪ್ಪಿರುತ್ತೆ.
- ಮೊದಲು ಆಡಬೇಕು, ಆಮೇಲೆ ಬರೀಬೇಕು. ಮುಂಚೆಯೇ ಬರೆದಿಟ್ಟುಕೊಂಡು ಯೋಚಿಸೋ ಹಾಗಿಲ್ಲ.
- ಎದುರಾಳಿಯ ನಡೆಯನ್ನು ಬರೆಯದೆಯೇ ಉತ್ತರ ಆಡಬಹುದು. ಆದರೆ ತಮ್ಮ ಹಿಂದಿನ ನಡೆ ಬರೆಯದೆ ಹೊಸ ನಡೆ ಆಡುವಂತಿಲ್ಲ.
- ಗಡಿಯಾರದಲ್ಲಿ 5 ನಿಮಿಷಕ್ಕಿಂತ ಕಡಿಮೆ ಉಳಿದು, ಪ್ರತಿ ನಡೆಗೆ 30 ಸೆಕೆಂಡ್ ಸೇರುವ ವ್ಯವಸ್ಥೆ ಇಲ್ಲದಿದ್ದರೆ ಬರೆಯೋದರಿಂದ ವಿನಾಯಿತಿ ಇದೆ.
- ಡ್ರಾ ಕೇಳಿದರೆ ಇಬ್ಬರೂ ಹಾಳೆಯಲ್ಲಿ (=) ಗುರುತು ಹಾಕಬೇಕು.
- ಮುಂದಿನ ನಡೆಯಿಂದ ಒಂದೇ ಸ್ಥಿತಿ ಮೂರನೇ ಸಲ ಬರುವುದಿದ್ದರೆ, ಆ ನಡೆಯನ್ನು ಬೋರ್ಡ್ ಮೇಲೆ ಆಡಬಾರದು. ಹಾಳೆಯಲ್ಲಿ ಬರೆದು ಆರ್ಬಿಟರ್‌ಗೆ ಹೇಳಬೇಕು. ಮುಂಚೆ ಬರೆಯುವಂತಿಲ್ಲ ಎಂಬ ನಿಯಮಕ್ಕೆ ಇಲ್ಲಿ ವಿನಾಯಿತಿ. ಕಾಲಾಳು ಅಲುಗದೆ, ಯಾವ ಕಾಯಿಯೂ ಹೊಡೆಯದೆ ಇಬ್ಬರದ್ದೂ 50 ನಡೆ ಆಗುವಾಗಲೂ ಇದೇ ಕ್ರಮ. ಕೇಳಿದ್ದು ತಪ್ಪಾದರೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತೆ.
- ಆಟ ಮುಗಿದ ಮೇಲೆ ಫಲಿತಾಂಶ ಬರೆದು ಇಬ್ಬರೂ ಎರಡೂ ಹಾಳೆಗೆ ಸಹಿ ಹಾಕಬೇಕು. ಗೆದ್ದದ್ದು ಯಾರು ಎಂದು ನೋಡಿಯೇ ಸಹಿ ಮಾಡಿ. ತಪ್ಪಾಗಿ ಬರೆದಿದ್ದರೂ ಅದೇ ನಿಲ್ಲುವ ಸಾಧ್ಯತೆ ಇದೆ.

ಹಳೆ ಪುಸ್ತಕದಲ್ಲಿ ಬೇರೆ ಥರ ಇದೆಯಲ್ಲ?

ಲೈಬ್ರರಿಯ ಹಳೆ ಇಂಗ್ಲಿಷ್ ಚೆಸ್ ಪುಸ್ತಕ ತೆರೆದರೆ ‘ಪಿ-ಕೆ4’ ಎಂಬಂಥ ಬರಹ ಕಾಣುತ್ತೆ. ಅದರಲ್ಲಿ ಸಾಲಿಗೆ ಕಾಯಿಯ ಹೆಸರು, ಅಂಕಿಯನ್ನು ಇಬ್ಬರೂ ತಂತಮ್ಮ ಕಡೆಯಿಂದ ಎಣಿಸೋದು. ಫಿಡೆ 1981ರಿಂದ ಅದಕ್ಕೆ ಮಾನ್ಯತೆ ನಿಲ್ಲಿಸಿದೆ. ಈಗಿನ ಅಕ್ಷರ-ಅಂಕಿ ಪದ್ಧತಿಯೂ ಹೊಸದೇನಲ್ಲ. ಸಿರಿಯಾದ ಅಲೆಪ್ಪೊ ಮೂಲದ ಫಿಲಿಪ್ ಸ್ಟಾಮ್ಮಾ 1737ರಲ್ಲೇ ತನ್ನ ಪುಸ್ತಕದಲ್ಲಿ ಇದರ ಆರಂಭಿಕ ರೂಪ ಬಳಸಿದ್ದ.

ಮನೆಯಲ್ಲಿ ಕಲಿಸೋದು ಹೇಗೆ?

ಮೊದಲ ಎರಡು ದಿನ ಕಾಯಿ ಇಡದೆ ಖಾಲಿ ಬೋರ್ಡ್ ಮೇಲೆ ‘ಎಫ್5 ಎಲ್ಲಿ? ಸಿ7 ಯಾವ ಬಣ್ಣ?’ ಎಂದು ಕೇಳಿ. ಆಮೇಲೆ ಮೇಲಿನ ನಾಲ್ಕು ನಡೆಯ ಆಟ ಓದಿ ಆಡಿಸಿ. ಮೂರನೇ ಹಂತದಲ್ಲಿ ದಿನಕ್ಕೊಂದು ಆಟ ಬರೆಸಿ. ಸ್ಕೋರ್‌ಶೀಟ್ ಇಲ್ಲದಿದ್ದರೆ ಗೆರೆ ನೋಟ್‌ಬುಕ್ ಸಾಕು: ಕ್ರಮಸಂಖ್ಯೆ, ಬಿಳಿ, ಕಪ್ಪು ಎಂದು ಮೂರು ಕಾಲಂ. ಬರೆದ ಆಟವನ್ನು ಲಿಚೆಸ್‌ನಂಥ ಉಚಿತ ಆ್ಯಪ್‌ನಲ್ಲಿ ಹಾಕಿದರೆ ಎಲ್ಲಿ ಎಡವಿದ್ದು ಎಂದು ಅದೇ ತೋರಿಸುತ್ತೆ.

ಬರೆದದ್ದು ಸರಿಯಿದೆಯಾ ಅಂತ ತಿಳಿಯಲು ಸುಲಭ ದಾರಿ ಒಂದಿದೆ. ಆ ಹಾಳೆಯನ್ನು ಆಟ ನೋಡದ ಇನ್ನೊಬ್ಬರ ಕೈಗೆ ಕೊಡಿ. ಅವರು ಶುರುವಿನಿಂದ ಕೊನೆವರೆಗೆ ಎಲ್ಲೂ ನಿಲ್ಲದೆ ಆಡಿ ತೋರಿಸಿದರೆ, ಮಗು ಟೂರ್ನಿಗೆ ಸಿದ್ಧ.