ಹೊಗೆ ಹೊರಗೆ ಹಾಕಿದ ರಿಪೇರಿ (ಹಳೇ ಮನೆ ಕಥೆ, ಭಾಗ 6)

ಅಡುಗೆಮನೆ ರಿಪೇರಿ ಅಂದ್ರೆ ಈಗ ಗ್ರಾನೈಟ್ ಕಟ್ಟೆ, ಮಾಡ್ಯುಲರ್ ಕಪಾಟು, ಲಕ್ಷಗಟ್ಟಲೆ ಬಿಲ್ಲು. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಮನೆಗಳಿಗೆ ಬಂದ ಒಂದು ರಿಪೇರಿಗೆ ಬೇಕಿದ್ದದ್ದು ಮಣ್ಣು, ಇಟ್ಟಿಗೆ, ಒಂದು ಜಾಲರಿ, ಸೂರಿನಾಚೆಗೆ ಒಂದು ಕೊಳವೆ. ಅದೇ ಅಸ್ತ್ರ ಒಲೆ.

ಬಿಲ್ಲು-ಬಾಣ ಅನ್ಕೋಬೇಡಿ! ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಂತಲೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ಕೇಂದ್ರ ಅದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ಅಸ್ತ್ರ’ ಆಯ್ತು.

ಒಲೆ ಮೇಲೆ ಮೂರು ಪಾತ್ರೆ ಕೂರುತ್ತವೆ. ಸೌದೆ ಜಾಲರಿ ಮೇಲೆ ಉರಿಯುತ್ತೆ, ಗಾಳಿ ಕೆಳಗಿಂದ. ಮೊದಲ ಪಾತ್ರೆ ಕಾಯಿಸಿದ ಬಿಸಿ ಹೊಗೆ ಸುಮ್ಮನೆ ಹೊರಗೆ ಹೋಗಲ್ಲ. ಉಳಿದೆರಡರ ತಳ ಸವರಿಕೊಂಡು ಆಮೇಲೆ ಕೊಳವೆ ಹತ್ತುತ್ತೆ. ಅನ್ನ ಬೇಯೋವಾಗ ಪಕ್ಕದಲ್ಲಿ ಸಾರಿಗೂ ಶಾಖ. ಸೌದೆ ಕಡಿಮೆ, ಊದುಗೊಳವೆ ಹಿಡಿದವಳ ಕಣ್ಣುರಿಯೂ ಕಡಿಮೆ. ಬಚ್ಚಲ ನೀರು ಕಾಯಿಸೋಕೂ ಅಸ್ತ್ರದವರು ಒಲೆ ಮಾಡಿದರು.

ಆದ್ರೆ ಒಲೆ ಬಾಯಿ ಚಿಕ್ಕದು. ಉದ್ದ ಕೊಂಬೆ ತುರುಕೋಕಾಗಲ್ಲ, ಸೀಳಲೇಬೇಕು. ಪಾತ್ರೆ ತೂತಿಗೆ ಸರಿಯಾಗಿ ಕೂರದಿದ್ರೆ ಹೊಗೆ ಮತ್ತೆ ಒಳಗೇ. ಕೊಳವೆಯ ಮಸಿ ತೆಗೀತಾ ಇರಬೇಕು. ಸೌದೆ ಸೀಳೋರು ಯಾರು, ಮಸಿ ತೆಗೆಯೋರು ಯಾರು? ಎಷ್ಟೋ ಮನೆಗಳಲ್ಲಿ ಒಲೆಯ ಹಣೆಬರಹ ಬರೆದದ್ದು ಈ ಪ್ರಶ್ನೆಯೇ ಅಂತ ನನಗನ್ನಿಸುತ್ತೆ.

ಅಡುಗೆಗೆ ಗ್ಯಾಸ್ ಬಂದರೂ ನಿಮ್ಮೂರ ಮನೆ ಬಚ್ಚಲಲ್ಲಿ ಹಂಡೆ ಒಲೆ ಇನ್ನೂ ಉರೀತಿದ್ಯಾ? ಈ ಸಲ ರಿಪೇರಿಗೆ ಕೈ ಹಾಕಿದ್ರೆ ಟೈಲ್ಸ್ ಆರಿಸೋ ಮೊದಲು ಹೊಗೆ ಕೊಳವೆಗೆ ದುಡ್ಡು ಎತ್ತಿಡಿ.