ಮೇಣದ ಮೇಲಿನ ಶಾಮಾ

ಕಾಡಿನ ದನಿ ಆಲಿಸುವ ವೃತ್ತಿಯ ಆರಂಭವನ್ನು ನಾನು ಒಂದು ಪಂಜರದಲ್ಲಿ ಗುರುತಿಸುತ್ತೇನೆ. 1889ರಲ್ಲಿ ಜರ್ಮನಿಯ ಎಂಟು ವರ್ಷದ ಹುಡುಗ ಲುಡ್ವಿಗ್ ಕೋಖ್, ಎಡಿಸನ್ ಫೋನೋಗ್ರಾಫಿನ ಮೇಣದ ಸಿಲಿಂಡರಿನಲ್ಲಿ ತಾನು ಸಾಕಿದ್ದ ಶಾಮಾ ಹಕ್ಕಿಯ ಹಾಡನ್ನು ಹಿಡಿದಿಟ್ಟ. ಉಳಿದುಬಂದಿರುವ ಹಕ್ಕಿದನಿಯ ಮುದ್ರಣಗಳಲ್ಲಿ ಅದೇ ಅತ್ಯಂತ ಹಳೆಯದೆನ್ನುತ್ತಾರೆ. ಶಾಮಾ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಹಾಡುತ್ತದೆ.

ಯಹೂದಿಯಾಗಿದ್ದ ಕೋಖ್ ನಾಜಿಗಳಿಂದ ತಪ್ಪಿಸಿಕೊಂಡು 1936ರಲ್ಲಿ ಇಂಗ್ಲೆಂಡ್ ಸೇರಿದರು. ಭಾರದ ಯಂತ್ರಗಳನ್ನು ವ್ಯಾನಿಗೆ ಹೇರಿಕೊಂಡು ಹಕ್ಕಿಯಿದ್ದಲ್ಲಿಗೇ ಹೋದರು. ಬಿಬಿಸಿಯ ನಿಸರ್ಗಧ್ವನಿ ಸಂಗ್ರಹಕ್ಕೆ ಅವರ ಮುದ್ರಣಗಳೇ ಬುನಾದಿಯಾದವು.

ಇಂದಿನ ಸಂಶೋಧಕರು ಕೀಟ, ಕಪ್ಪೆ, ಮಳೆ ಸೇರಿದಂತೆ ಇಡೀ ಕಾಡನ್ನೇ ತಿಂಗಳುಗಟ್ಟಲೆ ಆಲಿಸುತ್ತಾರೆ. ಯಾವ ದನಿ ನಿಂತುಹೋಯಿತೆಂದು ತಿಳಿಯಬೇಕಾದರೆ, ಹಿಂದೆ ಯಾರಾದರೂ ಅದನ್ನು ಕೇಳಿ ಜೋಪಾನ ಮಾಡಿರಬೇಕು. ಹಾಗಾಗಿ ಈ ವೃತ್ತಿಯನ್ನು ನಾನು ಇನ್ನೂ ಹುಟ್ಟದವರಿಗಾಗಿ ಕಿವಿಗೊಡುವ ಕೆಲಸವೆಂದೇ ತಿಳಿದಿದ್ದೇನೆ.