ದೂರದೇಶದಿಂದ ಮಕ್ಕಳಿಗೆ ತರುವ ಉಡುಗೊರೆ



ನಾನು ಎಂಟು ವರ್ಷದ ಹುಡುಗನಾಗಿದ್ದಾಗ ನನ್ನ ಸೋದರಮಾವನವರು ವ್ಯಾಸಂಗವನ್ನು ಮುಗಿಸಿಕೊಂಡು ಜರ್ಮನಿಯಿಂದ ಹಿಂತಿರುಗಿದರು. ನನ್ನ ಅಣ್ಣನಿಗೆ ಅವರು ತಂದದ್ದು ಕೀಲಿ ಕೊಟ್ಟರೆ ಓಡುವ ಒಂದು ರೈಲು. ಅದರ ಬೆಲೆಯನ್ನು ಕೇಳಿದೊಡನೆಯೇ ನಮ್ಮ ತಾಯಿಯವರು ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ನೆಂಟರಿಷ್ಟರು ಬಂದಾಗ ಮಾತ್ರ ಅದಕ್ಕೆ ಬಿಡುಗಡೆ. ನನ್ನ ಪಾಲಿಗೆ ಬಂದದ್ದು ಹೆಬ್ಬೆರಳಿನಷ್ಟು ಎತ್ತರದ ಒಂದು ಮರದ ಕುದುರೆ. ಅದಕ್ಕೆ ಬೀಗವನ್ನು ಹಾಕಬೇಕೆಂದು ಯಾರಿಗೂ ತೋರಲಿಲ್ಲ. ಅದು ನನ್ನ ಜೇಬಿನಲ್ಲಿ ಪಾಠಶಾಲೆಗೆ ಬಂದಿತು. ನನ್ನ ತಟ್ಟೆಯ ಪಕ್ಕದಲ್ಲಿ ಊಟಕ್ಕೆ ಕುಳಿತಿತು. ಒಮ್ಮೆ ಬಾವಿಗೆ ಬಿದ್ದು, ತೇಲಿ, ಬಿಂದಿಗೆಯೊಡನೆ ಮೇಲಕ್ಕೆ ಬಂದಿತು. ಅಣ್ಣನ ರೈಲು ಏನಾಯಿತೋ ಈಗ ಮನೆಯಲ್ಲಿ ಯಾರಿಗೂ ತಿಳಿಯದು. ಕುದುರೆಯು ಒಂದು ಕಿವಿಯನ್ನು ಕಳೆದುಕೊಂಡು ಇಂದಿಗೂ ನನ್ನ ಮೇಜಿನ ಮೇಲೆ ನಿಂತಿದೆ. ಅದರ ಮುಂಭಾಗಕ್ಕಿಂತ ಹಿಂಭಾಗವು ತುಸು ದಪ್ಪ. ಹೀಗೇಕೆಂಬುದು ನನಗೆ ಬಹುಕಾಲ ಅರ್ಥವಾಗಿರಲಿಲ್ಲ. ಅದು ಅರ್ಥವಾದ ಬಗೆಯನ್ನೇ ಈ ದಿನ ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಪ್ರಯಾಣಮಾಡಿದವನು ಮನೆಯ ಮಕ್ಕಳಿಗೆ ಏನನ್ನಾದರೂ ತರಬೇಕೆಂಬ ಕಟ್ಟಳೆಯು ಯಾವ ಧರ್ಮಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ. ಆದರೆ ಅದನ್ನು ಮೀರಿದ ದೇಶವಿಲ್ಲ. ನಮ್ಮಲ್ಲಿ ಜಾತ್ರೆಗೆ ಹೋದವರು ಬೆಂಡು ಬತ್ತಾಸುಗಳನ್ನೂ ಕಾಶಿಗೆ ಹೋದವರು ಬಣ್ಣದ ಮರದ ಆಟಿಕೆಗಳನ್ನೂ ಕಾಶೀದಾರವನ್ನೂ ತರುವ ವಾಡಿಕೆಯುಂಟಷ್ಟೆ. ಯೂರೋಪಿನಲ್ಲಿಯೂ ಈ ಪದ್ಧತಿಯು ಯಾತ್ರಾಸ್ಥಳಗಳಲ್ಲಿಯೇ ಬೆಳೆಯಿತು. 1170ರಲ್ಲಿ ಕ್ಯಾಂಟರ್ಬರಿಯ ದೇವಾಲಯದೊಳಗೆ ಆರ್ಚ್‌ಬಿಷಪ್ ಥಾಮಸ್ ಬೆಕೆಟನು ಹತನಾದನು. 1173ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಅವನ ಸಮಾಧಿಯನ್ನು ಕಾಣಲು ಬಂದ ಜನರಿಗಾಗಿ ಕುಶಲಿಗಳು ಕಲ್ಲಿನ ಅಚ್ಚುಗಳಲ್ಲಿ ತವರ ಮತ್ತು ಸೀಸಗಳನ್ನು ಎರೆದು ಬಿಲ್ಲೆಗಳನ್ನೂ ಪುಟ್ಟ ಗಂಟೆಗಳನ್ನೂ ಮಾಡಿ, ಬಡವನೂ ಕೊಳ್ಳಬಹುದಾದ ಬೆಲೆಗೆ ಮಾರುತ್ತಿದ್ದರು. ಥೇಮ್ಸ್ ನದಿಯ ಕೆಸರಿನಲ್ಲಿ ಇಂತಹ ಬಿಲ್ಲೆಗಳು ಹೇರಳವಾಗಿ ದೊರೆತಿವೆ. ಲಂಡನ್ನಿನಲ್ಲಿ ಅದೇ ಬಗೆಯ ಮಿಶ್ರಲೋಹದ, ಸುಮಾರು 1300ರ ಕಾಲದ, ಕುದುರೆಯೇರಿದ ಪುಟ್ಟ ವೀರನೊಬ್ಬನ ಬೊಂಬೆಯೂ ಸಿಕ್ಕಿದೆ. ಯಾವ ಹುಡುಗನ ಕೈಯಿಂದ ಜಾರಿತೋ ಬಲ್ಲವರಾರು?

ಯಾತ್ರೆಯಿದ್ದಲ್ಲಿ ಸಂತೆ. ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಸಂತ ಬಾರ್ತೊಲೊಮ್ಯೂವಿನ ಹೆಸರಿನ ಜಾತ್ರೆಯು 1133ರಲ್ಲಿ ರಾಜಶಾಸನವನ್ನು ಪಡೆದು 1855ರ ವರೆಗೆ ನಡೆಯಿತು. ಅಲ್ಲಿ ಮಾರುತ್ತಿದ್ದ ಅಗ್ಗದ ಬೊಂಬೆಗಳಿಗೆ 'ಬಾರ್ತೊಲೊಮ್ಯೂ ಬೇಬಿ' ಎಂದೇ ಹೆಸರಾಯಿತು. ಜಾತ್ರೆಯಿಂದ ತಂದ ಉಡುಗೊರೆಗೆ ಇಂಗ್ಲಿಷಿನಲ್ಲಿ 'ಫೇರಿಂಗ್' ಎಂಬ ಪ್ರತ್ಯೇಕವಾದ ಮಾತೇ ಹುಟ್ಟಿತು.

ಇನ್ನು ನನ್ನ ಕುದುರೆಯ ತವರಿಗೆ ಬರೋಣ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ದಕ್ಷಿಣದ ಅಂಚಿನಲ್ಲಿ ಎರ್ಟ್ಸ್‌ಗೆಬಿರ್ಗೆ ಎಂಬ ಪರ್ವತಶ್ರೇಣಿಯಿದೆ; 'ಅದುರಿನ ಬೆಟ್ಟಗಳು' ಎಂದು ಅದರ ಅರ್ಥ. ಅಲ್ಲಿಯ ಜೈಫೆನ್ ಎಂಬ ಹಳ್ಳಿಯ ಜನ ತವರದ ಗಣಿಗಳಲ್ಲಿ ದುಡಿದು ಬಾಳುತ್ತಿದ್ದವರು. 18ನೆಯ ಶತಮಾನದಿಂದ ಮುಂದೆ ಗಣಿಯ ಉತ್ಪತ್ತಿಯು ಕುಗ್ಗಿತು. ಬೆಟ್ಟದ ನೆಲ, ದೀರ್ಘವಾದ ಚಳಿಗಾಲ. ವ್ಯವಸಾಯವೊಂದನ್ನೇ ನಂಬಿ ಬದುಕುವಂತಿರಲಿಲ್ಲ. ಸುತ್ತಲೂ ಸ್ಪ್ರೂಸ್ ಮರದ ಕಾಡು, ಚಕ್ರವನ್ನು ತಿರುಗಿಸಲು ತೊರೆಯ ನೀರು. ಗಣಿಯ ಕೆಲಸಗಾರರು ಕಡೆಯುವ ಚಕ್ರವನ್ನು ಹಿಡಿದು ಮರದ ಆಟಿಕೆಗಳ ತಯಾರಿಕೆಗೆ ತೊಡಗಿದರು.

ಅವರು ಕಂಡುಕೊಂಡ ಉಪಾಯವು ಅತ್ಯಾಶ್ಚರ್ಯಕರವಾದುದು. ಹಸಿಮರದ ದಿಮ್ಮಿಯಿಂದ ಬಿಲ್ಲೆಯಾಕಾರದ ತುಂಡೊಂದನ್ನು ಚಕ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಅದರಲ್ಲಿ ಉಬ್ಬು ತಗ್ಗುಗಳನ್ನು ಕೊರೆಯುತ್ತಾರೆ. ಬಳಿಕ ಮಗುಚಿ ಇನ್ನೊಂದು ಮಗ್ಗುಲನ್ನೂ ಕೊರೆಯುತ್ತಾರೆ. ನೋಡುವವನಿಗೆ ಅದು ಬರಿಯ ಬಳೆ. ಆದರೆ ಆ ಬಳೆಯನ್ನು ಚಾಕುವಿನಿಂದ ಸೀಳಿದರೆ, ಸೀಳಿದ ಮುಖದಲ್ಲಿ ಕುದುರೆಯ ಆಕಾರವು ಮೂಡುತ್ತದೆ! ಕೆಲಸ ಮುಗಿಯುವ ತನಕ ಕುಶಲಿಗೆ ಆ ಆಕಾರವು ಕಾಣದು. ತಲೆಯೆಷ್ಟು, ಕಾಲೆಷ್ಟು ಎಂಬುದೆಲ್ಲವೂ ಕೈಯ ಲೆಕ್ಕ. ಹಲಸಿನ ತೊಳೆಗಳನ್ನು ಬಿಡಿಸಿದಂತೆ ಒಂದು ಬಳೆಯಿಂದ ಹಲವು ಹತ್ತು ಕುದುರೆಗಳು ಹೊರಡುತ್ತವೆ. ಬಳೆಯ ಒಳ ಅಂಚಿನ ಕಡೆ ತುಂಡು ತೆಳುವಾಗಿಯೂ ಹೊರ ಅಂಚಿನ ಕಡೆ ದಪ್ಪವಾಗಿಯೂ ಇರುವುದು ಸಹಜವಷ್ಟೆ. ನನ್ನ ಕುದುರೆಯ ಹಿಂಭಾಗವು ದಪ್ಪವಾದುದರ ರಹಸ್ಯವು ಇದೇ. ಆಮೇಲೆ ಮೂಲೆಗಳನ್ನು ಕೆತ್ತಿ ದುಂಡುಮಾಡಿ, ಕಿವಿ ಬಾಲಗಳನ್ನು ಅಂಟಿಸಿ, ಬಣ್ಣ ಹಚ್ಚುವರು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, ಬೇರೆ ಆಟಿಕೆಗಳನ್ನು ಮುಟ್ಟಬಾರದೆಂಬ ನಿಯಮವಿದ್ದ ಮನೆಗಳಲ್ಲಿಯೂ, ಭಾನುವಾರದಂದು ಮಕ್ಕಳಿಗೆ ಕೊಡುತ್ತಿದ್ದ ನೋವನ ನಾವೆಯು ಬೈಬಲಿನ ಕಥೆಗೆ ಸೇರಿದ್ದು. ಆ ನಾವೆಗಳನ್ನು ತುಂಬಿದ ಜೋಡಿ ಜೋಡಿ ಪ್ರಾಣಿಗಳಲ್ಲಿ ಬಹುಪಾಲು ಈ ಬೆಟ್ಟಗಳಿಂದ ಬಂದುವು.

ಇಲ್ಲಿಗೇ ನಿಲ್ಲಿಸಬಹುದಾಗಿದ್ದರೆ ಈ ಕಥೆಯು ಬಹು ಸೊಗಸಾಗಿರುತ್ತಿತ್ತು. ಆದರೆ ಚರಿತ್ರೆಯನ್ನು ಓದುವವನು ಬೆಲೆಯನ್ನೂ ವಿಚಾರಿಸಬೇಕು. ಲಂಡನ್ನಿನ ಲಡ್‌ಗೇಟ್ ಹಿಲ್ ಬೀದಿಯ ಅಂಚಿನಲ್ಲಿ ನಿಂತ ಬೀದಿವ್ಯಾಪಾರಿಗಳು ಕೊರಳಿಗೆ ತಗಲಿಸಿಕೊಂಡ ತಟ್ಟೆಗಳಲ್ಲಿ ಒಂದೊಂದು ಪೆನ್ನಿಯ ಆಟಿಕೆಗಳನ್ನು ಮಾರುತ್ತಿದ್ದರು. ಅರ್ನೆಸ್ಟ್ ಕಿಂಗ್ ಎಂಬ ಮಹನೀಯನು 1893ರಿಂದ 1918ರ ವರೆಗೆ ಅಂತಹ ಸಾವಿರಕ್ಕೂ ಮಿಕ್ಕ ಆಟಿಕೆಗಳನ್ನು ಕೊಂಡು ಕೂಡಿಟ್ಟನು. ಅವು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿವೆ. ರೂಪಾಯಿಗೆ ಒಂದು ಷಿಲಿಂಗ್ ನಾಲ್ಕು ಪೆನ್ಸಿನ ದರವಿದ್ದ ಆ ಕಾಲದಲ್ಲಿ ಪೆನ್ನಿಯೆಂದರೆ ನಮ್ಮ ಒಂದಾಣೆ. ಒಂದಾಣೆಯಲ್ಲಿ ಬೀದಿಯವನ ಲಾಭ, ಸಗಟು ವ್ಯಾಪಾರಿಯ ಲಾಭ, ಹಡಗಿನ ಸಾಗಣೆ, ಮರ, ಬಣ್ಣ ಇವೆಲ್ಲವನ್ನೂ ಕಳೆದರೆ ಮಾಡಿದವನಿಗೆ ಉಳಿದದ್ದೆಷ್ಟು?

ಉಳಿದದ್ದು ಅತ್ಯಲ್ಪ. ಆದುದರಿಂದಲೇ ಜರ್ಮನಿಯ ಆ ಬೆಟ್ಟದೂರುಗಳಲ್ಲಿ ಮನೆಮಂದಿಯೆಲ್ಲರೂ ದುಡಿಯಬೇಕಾಯಿತು. ತಂದೆಯು ಕಡೆಯುವನು, ತಾಯಿಯು ಕೆತ್ತುವಳು, ಮಕ್ಕಳು ಶಾಲೆಗೆ ಮುಂಚೆಯೂ ಶಾಲೆಯ ತರುವಾಯ ಇರುಳಿನ ವರೆಗೂ ಬಣ್ಣ ಹಚ್ಚುವರು. ಲಂಡನ್ನಿನ ಮಗು ಆಡುವ ಆಟಿಕೆಯನ್ನು ಮಾಡುತ್ತ ಸ್ಯಾಕ್ಸನಿಯ ಮಗುವಿಗೆ ಆಡುವುದಕ್ಕೆ ವೇಳೆಯಿಲ್ಲದೆ ಹೋಯಿತು. ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಯನ್ನು ತಡೆಯುವುದು ಅಷ್ಟು ಕಷ್ಟವಲ್ಲ. ಅಲ್ಲಿ ಬಾಗಿಲಿದೆ, ಪಹರೆಯಿದೆ, ತನಿಖೆಯಿದೆ. ಮನೆಯೇ ಕಾರ್ಖಾನೆಯಾದಾಗ ತಡೆಯುವವರಾರು? 1903ರಲ್ಲಿ ಜರ್ಮನಿಯು ಮಾಡಿದ ಕಾನೂನು, ತಂದೆಯು ತನ್ನ ಸ್ವಂತ ಮಕ್ಕಳಿಂದ ಮನೆಯಲ್ಲಿ ಕಸಬಿನ ಕೆಲಸವನ್ನು ಮಾಡಿಸುವುದಕ್ಕೂ ಮಿತಿಯನ್ನು ವಿಧಿಸಿತು. ಅಂತಹ ಕಾನೂನು ಬೇಕಾಯಿತೆಂಬುದೇ ಅಂದಿನ ಸ್ಥಿತಿಗೆ ಸಾಕ್ಷಿ. ಜೈಫೆನ್ನಿನಲ್ಲಿ ಬಳೆಯ ಕಡೆತವನ್ನು ಬಲ್ಲವರು ಕೆಲವರು ಇಂದಿಗೂ ಇದ್ದಾರೆ. ಅವರ ಕೆಲಸಕ್ಕೆ ಈಗ ಮರ್ಯಾದೆಯೂ ಬೆಲೆಯೂ ದೊರೆತಿವೆ. ನನ್ನ ಕುದುರೆಯು ಈ ನಂತರದ ಕಾಲದ್ದೆಂಬುದು ನನಗೊಂದು ಸಮಾಧಾನ.

ಅಗ್ಗವಾದದ್ದೆಲ್ಲವೂ ಹೀಗೆ ಕಣ್ಣೀರಿನಿಂದ ಆದುದೆಂದು ತಾವು ತಿಳಿಯಬಾರದು. ಜಪಾನ್ ದೇಶದ ಈಶಾನ್ಯಭಾಗವಾದ ತೊಹೊಕು ಪ್ರಾಂತದಲ್ಲಿ ಬಿಸಿನೀರಿನ ಬುಗ್ಗೆಗಳು ಬಹಳ. ಸುಗ್ಗಿಯು ಮುಗಿದ ಮೇಲೆ ರೈತರು ಅಲ್ಲಿಗೆ ಹೋಗಿ ಕೆಲವು ದಿನ ಮಿಂದು ಮೈನೋವನ್ನು ಕಳೆದುಕೊಳ್ಳುವರು. ಆ ಊರುಗಳಲ್ಲಿ ಬಟ್ಟಲು ತಟ್ಟೆಗಳನ್ನು ಕಡೆಯುತ್ತಿದ್ದ ಬಡಗಿಗಳು 19ನೆಯ ಶತಮಾನದ ಮೊದಲ ಭಾಗದಿಂದ ಕೊಕೆಷಿ ಎಂಬ ಬೊಂಬೆಯನ್ನು ಮಾಡತೊಡಗಿದರು. ಗುಂಡಾದ ತಲೆ, ಕೊಳವೆಯಂತಹ ಮೈ; ಕೈಯಿಲ್ಲ, ಕಾಲಿಲ್ಲ. ಮೈಮೇಲೆ ಕೆಲವು ಹೂಗಳು, ಮುಖದಲ್ಲಿ ನಾಲ್ಕಾರು ಗೆರೆಗಳು. ನಾರುಕೊ ಎಂಬ ಊರಿನ ಬೊಂಬೆಯ ತಲೆಯನ್ನು ತಿರುಗಿಸಿದರೆ ಕಿಚಕಿಚನೆ ಸದ್ದುಮಾಡುತ್ತದೆ. ಮನೆಯಲ್ಲಿ ಕಾದಿರುವ ಮಗುವಿಗೆ ರೈತನು ಇದನ್ನು ಒಯ್ಯುವನು. ಪ್ರಯಾಣದಿಂದ ತರುವ ಉಡುಗೊರೆಗೆ ಜಪಾನಿನವರು ಬರೆಯುವ ಅಕ್ಷರಗಳ ಅರ್ಥವು 'ಆ ನೆಲದಲ್ಲಿ ಹುಟ್ಟಿದ್ದು' ಎಂದು. ಉಡುಗೊರೆಯನ್ನು ಆರಿಸುವ ಶಾಸ್ತ್ರವೆಲ್ಲವೂ ಈ ಒಂದು ಪದದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ನಮ್ಮ ಚನ್ನಪಟ್ಟಣವೂ ಇದೇ ವಂಶಕ್ಕೆ ಸೇರಿದ್ದು. ಹಾಲೆ ಮರದ ತುಂಡು ಚಕ್ರದಲ್ಲಿ ತಿರುಗುತ್ತಿರಲು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ಒರೆಸಿದರೆ ಕನ್ನಡಿಯ ಹೊಳಪು. ಬೆಂಗಳೂರಿಗೂ ಮೈಸೂರಿಗೂ ನಡುವೆ ಓಡಾಡುವ ಪ್ರಯಾಣಿಕರೇ ಈ ಕಸಬನ್ನು ಸಾಕಿದವರು. 2023ರಲ್ಲಿ ಹೊಸ ಹೆದ್ದಾರಿಯು ಊರನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ರಸ್ತೆಯ ಬದಿಯ ಬೊಂಬೆಯಂಗಡಿಗಳಿಗೆ ಗಿರಾಕಿಗಳು ಕಡಮೆಯಾದರು. ಪ್ರಯಾಣಿಕನು ನಿಲ್ಲದೆ ಹೋದರೆ ಚಕ್ರವೂ ನಿಲ್ಲುತ್ತದೆ. ಜೈಫೆನ್ನಿಗೂ ನಾರುಕೊವಿಗೂ ಸಲ್ಲುವ ಮಾತು ಇದು.

ಹಾಗಾದರೆ ಪರದೇಶಕ್ಕೆ ಹೋದವರು ಏನನ್ನು ಆರಿಸಬೇಕು? ನನ್ನ ಎಣಿಕೆಯಲ್ಲಿ ಮೂರು ಪ್ರಶ್ನೆಗಳು ಸಾಕು. ಈ ವಸ್ತು ಈ ಊರಿನದೇ? ವಿಮಾನನಿಲ್ದಾಣದ ಅಂಗಡಿಯಲ್ಲಿ ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾಗಿ ದೊರೆಯುವ ಆಟಿಕೆಯು ಪ್ರಯಾಣದ ಯಾವ ಕಥೆಯನ್ನೂ ಹೇಳಲಾರದು. ಮಗು ಇದನ್ನು ನಿರ್ಭಯವಾಗಿ ಕೈಯಲ್ಲಿ ಹಿಡಿಯಬಹುದೇ? ಮೂರು ವರ್ಷದೊಳಗಿನ ಮಗುವಿಗೆ ಬಾಯಲ್ಲಿ ಅಡಗುವಷ್ಟು ಸಣ್ಣದು ಸಲ್ಲದು. ಹಳೆಯ ಕಾಲದ ಸೀಸದ ಸಿಪಾಯಿಗಳೂ ಸಲ್ಲವು. ಕೆಲವು ದೇಶಗಳ ಸುಂಕದ ಕಟ್ಟೆಗಳಲ್ಲಿ ಬೀಜ, ಗರಿ, ಹಸಿಮರಗಳಿಗೆ ತಡೆಯಿರುವುದನ್ನೂ ಮರೆಯಬಾರದು. ಮೂರನೆಯ ಪ್ರಶ್ನೆಯೇ ಮುಖ್ಯವಾದುದು: ಇದು ಇಷ್ಟು ಅಗ್ಗವಾದುದು ಹೇಗೆ? ಕುಶಲಿಯ ಜಾಣತನದಿಂದ ಅಗ್ಗವಾಗಿದ್ದರೆ ಸಂತೋಷದಿಂದ ಕೊಳ್ಳೋಣ. ಇನ್ನೊಂದು ಮಗುವಿನ ಆಟದ ವೇಳೆಯನ್ನು ಕಸಿದು ಅಗ್ಗವಾಗಿದ್ದರೆ, ಅದು ನಮ್ಮ ಮಗುವಿಗೆ ಉಡುಗೊರೆಯಾಗಲಾರದು. ಇದನ್ನು ತಿಳಿಯುವುದು ಯಾವಾಗಲೂ ಸುಲಭವಲ್ಲ. ಆದರೂ ಮಾಡಿದವನ ಕೈಯಿಂದಲೇ, ಇಲ್ಲವೆ ಅವನನ್ನು ಬಲ್ಲ ಅಂಗಡಿಯಿಂದ ಕೊಂಡರೆ ಕೇಳುವುದಕ್ಕೆ ಅವಕಾಶವಾದರೂ ಇರುತ್ತದೆ.

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಬೊಂಬೆಗಳನ್ನು ಕೂರಿಸುವಾಗ ಪಟ್ಟದ ಬೊಂಬೆಗಳಿಗೆ ಮೇಲಿನ ಮೆಟ್ಟಿಲು. ಕಿವಿ ಹೋದ ಕುದುರೆಗೆ ಕೆಳಗಿನದು. ಕಳೆದ ವರ್ಷ ನನ್ನ ಮಗಳು ಅದನ್ನು ಕೈಗೆತ್ತಿಕೊಂಡು, "ಅಪ್ಪ, ಇದನ್ನು ಯಾರು ಮಾಡಿದರು?" ಎಂದು ಕೇಳಿದಳು. ಮಾವನವರು ತಂದರೆಂದು ನಾನು ಹೇಳಿದೆ. "ತಂದವರನ್ನು ಕೇಳಲಿಲ್ಲ, ಮಾಡಿದವರು ಯಾರು?" ಎಂದಳು. ಈ ಭಾಷಣವು ಅವಳಿಗೆ ನಾನು ಕೊಡಲು ಪ್ರಯತ್ನಿಸಿದ ಉತ್ತರ.